ಯಾವು

ಸೇಸಪ್ಪ ಆಚಾರಿ ಜೀವಮಾನದಲ್ಲಿ ಮಾಡಿದ ಗಿಟಾರು ಒಂದೇ.
ಅದು ನನ್ನದು.
ಬೆನ್ನಿಗೂ ಪಕ್ಕೆಗೂ ಹಲಸು,
ಮದ್ದಳೆಗೆಂದು ಯಾರೋ ಕೊಯ್ಯಿಸಿ ಒಯ್ಯದೆ ಬಿಟ್ಟದ್ದು.
ಎದೆಹಲಗೆ ಪಣಂಬೂರು ಬಂದರಿನ ಪೈನು,
ಯಾವುದೋ ಯಂತ್ರ ಬಂದ ಪೆಟ್ಟಿಗೆಯ ಮುಚ್ಚಳ.
ಒಳಗೆ ಬೆಳಕು ಬಿಟ್ಟರೆ ಈಗಲೂ ಕಾಣುತ್ತದೆ
ಮಸಿಯಲ್ಲಿ ಒತ್ತಿದ ಕೊಡೆಯ ಗುರುತು, ಗ್ಲಾಸಿನ ಗುರುತು:
ಮಳೆಗೆ ಒಡ್ಡಬೇಡಿ. ಮೆಲ್ಲ ಇಳಿಸಿ.

ನೋಡಲು ಚಂದ ಇತ್ತು. ದನಿ ಮಾತ್ರ
ಕಂಬಳಿ ಹೊದ್ದು ಮಾತಾಡಿದ ಹಾಗೆ.
ಇಗರ್ಜಿಯಲ್ಲಿ, ಎರಡನೇ ಪೂಜೆಗೆ,
ನಾನು ಬಾರಿಸಿದ್ದು ಪಕ್ಕದ ಬೆನೆಡಿಕ್ಟಮ್ಮನಿಗೂ ಕೇಳುತ್ತಿರಲಿಲ್ಲ.
"ಬೆರಳು ಆಡುವುದು ಕಾಣ್ತದೆ ಬಿಡು"
ಎಂದಳು, ಸಮಾಧಾನಕ್ಕೆ.

ಕುಲಶೇಖರದ ಇಳಿಜಾರಿನ ಶೆಡ್ಡಿನಲ್ಲಿ ಆಚಾರಿ ಒಪ್ಪಿಕೊಂಡರು:
"ನಾನು ಬಾಗಿಲು ಮಾಡುವವ, ಬಾಯಮ್ಮ.
ತಂತಿ ಎಳೆದು ಹಲಗೆ ಎದ್ದುಬಂದೀತು ಅಂತ ಹೆದರಿಕೆ.
ಒಳಗೆ ಅಡ್ಡಪಟ್ಟಿ ಹೊಡೆದದ್ದು
ಕಳ್ಳರು ಬಾರದ ಹಾಗೆ ಹೊಡೆದಂತಾಯ್ತು."

ಪಟ್ಟಿ ತೆಳು ಮಾಡಬೇಕು.
ಹಲಗೆ ಬಿಚ್ಚಿದರೆ ಮತ್ತೆ ಕೂಡಲಿಕ್ಕಿಲ್ಲ.
ಅವರ ಕೈ ತೂತಿನೊಳಗೆ ಹೋಗುವುದಿಲ್ಲ.
ಅವರ ಕಿವಿ ನಲವತ್ತು ವರ್ಷದ ಸಾಮಿಲ್ಲಿಗೆ ಹೋಗಿದೆ.
ಹಾಗಾಗಿ ಕೈ ನನ್ನದಾಯಿತು:

ಗೇರುಬೀಜದ ಫ್ಯಾಕ್ಟರಿಯಲ್ಲಿ
ಹದಿನೆಂಟು ವರ್ಷ ಸಿಪ್ಪೆ ತೆಗೆದ ಕೈ.
ಬೀಜಕ್ಕೆ ಗಾಯವಾಗದೆ ಕೆಂಪು ಪೊರೆ ಬಿಡಿಸಬೇಕು,
ತುಂಡಾದದ್ದು ಬೇರೆ ಡಬ್ಬಕ್ಕೆ, ಬೇರೆ ದರಕ್ಕೆ.
ಆ ಸಣ್ಣ ಚೂರಿಯನ್ನೇ ತಂದೆ.

ತಂತಿ ಸಡಿಲಿಸಿ, ಟಾರ್ಚಿನ ಬಲ್ಬು ಇಳಿಬಿಟ್ಟು,
ಗಂಡನ ಕ್ಷೌರದ ಕನ್ನಡಿ ಒಳಗಿಟ್ಟು
ಕೈ ತೂರಿಸಿದೆ.
ಕನ್ನಡಿಯಲ್ಲಿ ಎಡ ಬಲವಾಗುತ್ತದೆ;
ಕಣ್ಣು ಮುಚ್ಚಿದ ಮೇಲೆ ಸುಲಭವಾಯಿತು.

ಆಚಾರಿ ಎದುರು ಕೂತು
ಬಿದಿರುಕಡ್ಡಿಯ ಒಂದು ತುದಿ ಹಲ್ಲಲ್ಲಿ ಕಚ್ಚಿ
ಇನ್ನೊಂದನ್ನು ಹಲಗೆಗೆ ಒತ್ತಿ
ಬೆರಳ ಗೆಣ್ಣಿಂದ ತಟ್ಟುತ್ತಿದ್ದರು,
ಹಣ್ಣಾಗಿದೆಯೋ ಎಂದು ಹಲಸು ತಟ್ಟುವವರ ಮುಖ.
ತಟ್ಟಿ, ತಲೆ ಅಲ್ಲಾಡಿಸಿ. ತೆಗೆ.
ತಟ್ಟಿ. ಇನ್ನೂ.
ಸಿಪ್ಪೆಯ ಸುರುಳಿ ಒಳಗೆ ಉದುರುವುದು
ನನಗೆ ಕೇಳುತ್ತಿತ್ತು, ಅವರಿಗಿಲ್ಲ;
ಅವರ ದವಡೆಗೆ ಕೇಳುತ್ತಿದ್ದದ್ದು ನನಗಿಲ್ಲ.

ಮೂರನೇ ದಿನ, ಸಂಜೆ, ತಟ್ಟಿದರು.
ಕಡ್ಡಿಯನ್ನು ಬಾಯಿಂದ ತೆಗೆದರು.
"ಯಾವು" ಎಂದರು ತುಳುವಿನಲ್ಲಿ. ಸಾಕು.

ನಾನು ಕೇಳಬೇಕಿತ್ತು.

ರಾತ್ರಿ ಮನೆಯಲ್ಲಿ, ಎಲ್ಲ ಮಲಗಿದ ಮೇಲೆ,
ದಪ್ಪ ತಂತಿಯ ಬದಿಯ ಪಟ್ಟಿಯಿಂದ
ಇನ್ನೊಂದು ಸಿಪ್ಪೆ ತೆಗೆದೆ. ಪೊರೆಯಷ್ಟೇ.
ಇನ್ನೂ ಚೂರು ಬಾಯಿ ಬಿಟ್ಟೀತೆಂದು.

ಬಿಟ್ಟಿತು. ಈಗ
ಕೊನೆಯ ಬೆಂಚಿನ ಮಗು ತಿರುಗಿ ನೋಡುತ್ತದೆ.
ಬೆನೆಡಿಕ್ಟಮ್ಮ ಒಂದು ಕುರ್ಚಿ ದೂರ ಕೂರುತ್ತಾಳೆ.
ಆದರೆ ಮನೆಗೆ ತಂದು ಗೋಡೆಗೆ ತೂಗಿದರೆ
ಅದಕ್ಕೆ ಸುಮ್ಮನಿರಲು ಬರುವುದಿಲ್ಲ.
ಪಕ್ಕದ ಮನೆಯ ಮಿಕ್ಸಿಗೆ ಓಗೊಡುತ್ತದೆ,
ಮೀನಿನವನ ಹಾರ್ನಿಗೆ,
ತಿರುವಿನಲ್ಲಿ ಗೇರು ಬದಲಿಸುವ ಏಳೂವರೆಯ ಬಸ್ಸಿಗೆ,
ಗಂಡನಿಗೆ ಬೈದರೆ ಅದಕ್ಕೂ,
ಐದನೇ ತಂತಿ, ಸಣ್ಣಗೆ.

ಆಚಾರಿಯ ಹತ್ತಿರ ಒಯ್ದೆ.
ತಪ್ಪು ಹೇಳಿದೆ, ಎರಡೆರಡು ಸಲ, ಗಟ್ಟಿಯಾಗಿ.
ಸಿಪ್ಪೆ ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೇನೆ,
ಅಂಟು ಹಾಕಿ ಮತ್ತೆ ಕೂರಿಸಲಿಕ್ಕಾಗ್ತದಾ?

ಅವರು ಪೊಟ್ಟಣ ತೆರೆಯಲಿಲ್ಲ.
ಕಡ್ಡಿ ಕಚ್ಚಿ ಹಲಗೆಗೆ ಒತ್ತಿದರು.
ತಟ್ಟಲಿಲ್ಲ. ಹಾಗೇ ಕೂತರು.
ಹೊರಗೆ ರಸ್ತೆ ತನ್ನಷ್ಟಕ್ಕೆ ನಡೆದಿತ್ತು.
ಸ್ವಲ್ಪ ಹೊತ್ತಿಗೆ ಹುಬ್ಬು ಏರಿತು.

"ಲಾರಿ" ಎಂದರು, ಕಡ್ಡಿ ಬಿಡದೆ.
"ಲೋಡು ಉಂಟು."

ಆಮೇಲೆ ಕಣ್ಣು ಮುಚ್ಚಿ
ಇನ್ನೊಂದಕ್ಕೆ ಕಾದರು.